ಎರಡರ ಶ್ರುತಿಗೆ ಒಂದು ವಯೋಲಾ

(ನಮ್ಮ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಾತಾಡಲು ಕರೆದಾಗ ನಮ್ಮ ಕಾರ್ಯದರ್ಶಿ ಮೇಡಂ ಕೇಳಿದ್ದು ಎಐ ಬಗ್ಗೆ. ಐಟಿಯವಳು, ಎಂಟೆಕ್ ಬೇರೆ ಮಾಡಿದ್ದಾಳೆ, ಅದನ್ನೇ ಹೇಳಲಿ ಅಂತ. ವಾರಕ್ಕೆ ಐದು ದಿನ ಹಿಂಜೆವಾಡಿಯಲ್ಲಿ ಅದನ್ನೇ ಮಾತಾಡಿ ಸಾಕಾಗಿದೆ, ಶನಿವಾರವಾದರೂ ಬಿಟ್ಟುಬಿಡಿ ಎಂದೆ. “ಹಾಗಾದ್ರೆ ಇನ್ಯಾವುದರ ಬಗ್ಗೆ ಹೇಳ್ತೀರಿ?” ಎಂದರು. ವಯೋಲಾ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅದು ಹೂವಲ್ವಾ?”

ಹೂವೂ ಇದೆ, ಅವರದು ತಪ್ಪಲ್ಲ. ಆದರೆ ನಾನು ತಂದಿರುವುದು ಇದನ್ನು. ಪೆಟ್ಟಿಗೆಯಿಂದ ತೆಗೆದ ಕೂಡಲೇ ಮುಂದಿನ ಸಾಲಿನಿಂದ “ಓ, ಪಿಟೀಲು” ಎಂದು ಕೇಳಿಸಿತು. ಪಿಟೀಲಲ್ಲ, ಅದರ ಅಕ್ಕ. ನಾಲ್ಕು ತಂತಿ, ನಾಲ್ಕು ಬಿರಡೆ, ನಡುವೆ ಕುದುರೆ, ಎರಡು ಬದಿಗೆ ಇಂಗ್ಲಿಷಿನ ಎಫ್ ಅಕ್ಷರದಂಥ ಸೀಳು, ಎಲ್ಲ ಅದೇ. ಪಕ್ಕಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ದೊಡ್ಡವರ ಪಿಟೀಲಿನ ಒಡಲು ಸುಮಾರು 14 ಇಂಚು. ವಯೋಲಾದ್ದು 15 ಇರಬಹುದು, 16 ಇರಬಹುದು, 17 ಕೂಡ ಇರಬಹುದು. ನನ್ನದು 15.5. ಪಿಟೀಲಿಗೆ ಇರುವ ಹಾಗೆ ಇದಕ್ಕೆ ಗೊತ್ತಾದ ಒಂದು ಅಳತೆ ಇಲ್ಲ. ಯಾಕಿಲ್ಲ ಅನ್ನುವುದರಲ್ಲೇ ಇದರ ಕಥೆ ಇದೆ.

ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲಿನ ತಂತಿಗಳು ಕೆಳಗಿನಿಂದ ಮೇಲಕ್ಕೆ ಜಿ, ಡಿ, ಎ, ಇ. ವಯೋಲಾದ್ದು ಸಿ, ಜಿ, ಡಿ, ಎ. ಅಂದರೆ ಪಿಟೀಲಿನ ಅತಿ ಕೀರಲು ತಂತಿಯನ್ನು ತೆಗೆದು, ಇನ್ನೊಂದು ಬದಿಗೆ ಒಂದು ದಪ್ಪ ತಂತಿ ಸೇರಿಸಿದ ಹಾಗೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ವಯೋಲಾದ ದಪ್ಪ ತಂತಿಯನ್ನು ಸ ಎಂದುಕೊಂಡರೆ ಪಿಟೀಲಿನ ದಪ್ಪ ತಂತಿ ಪ. ಸೆಲ್ಲೋ ಗೊತ್ತಲ್ಲ, ಕುರ್ಚಿಯಲ್ಲಿ ಕೂತು ಮೊಣಕಾಲ ನಡುವೆ ಇಟ್ಟುಕೊಂಡು ನುಡಿಸುವುದು? ಅದರ ತಂತಿಗಳೂ ಸಿ, ಜಿ, ಡಿ, ಎ. ಆದರೆ ವಯೋಲಾಕ್ಕಿಂತ ಒಂದು ಸ್ಥಾಯಿ ಕೆಳಗೆ. ಆಳೆತ್ತರದ ಡಬಲ್ ಬೇಸ್ ಅದಕ್ಕಿಂತ ಕೆಳಗೆ. ಅದರ ತಂತಿಗಳ ಲೆಕ್ಕವೇ ಬೇರೆ, ಇವತ್ತು ಅದು ಬೇಡ.

ಈಗ ಯೋಚಿಸಿ. ಸ ಮತ್ತು ಪ ನಡುವಿನ ಅನುಪಾತ 2:3. ಪಿಟೀಲಿಗಿಂತ ಅಷ್ಟು ಕೆಳಗಿನ ದನಿ ಪಿಟೀಲಿನಷ್ಟೇ ಸಲೀಸಾಗಿ ಬರಬೇಕಾದರೆ ಒಡಲೂ ಅದೇ ಅನುಪಾತದಲ್ಲಿ ದೊಡ್ಡದಾಗಬೇಕು. 14 ಇಂಚಿಗೆ ಅರ್ಧ ಸೇರಿಸಿದರೆ 21 ಇಂಚು. ಅದನ್ನು ಗದ್ದದ ಕೆಳಗಿಟ್ಟು ಕೈ ಚಾಚಿದರೆ ಯಾರಿಗೂ ಬಿರಡೆ ಎಟುಕುವುದಿಲ್ಲ. ಸೆಲ್ಲೋಗೆ ಈ ಕಷ್ಟವಿಲ್ಲ, ಅದನ್ನು ನೆಲಕ್ಕೆ ಊರಿಬಿಟ್ಟರು. ಅದರ ಒಡಲು ಸುಮಾರು 30 ಇಂಚು, ಪಕ್ಕದ ಪಟ್ಟಿಗಳೂ ಬೇಕಾದಷ್ಟು ಅಗಲ. ವಯೋಲಾವನ್ನು ಮಾತ್ರ ಭುಜದ ಮೇಲೇ ಇಟ್ಟುಕೊಂಡು, ಕೈಗೆ ಎಟುಕುವಷ್ಟಕ್ಕೆ ಚಿಕ್ಕದು ಮಾಡಿದರು. ಒಬ್ಬೊಬ್ಬ ಕುಶಲಕರ್ಮಿ ಒಂದೊಂದು ಕಡೆ ರಾಜಿ ಮಾಡಿಕೊಂಡ. ಅದಕ್ಕೇ ಅಳತೆ ಇಲ್ಲ.

ನಾನು ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಹಾಗಾಗಿ ಒಂದು ದಿನ ಇದರ ದನಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಬಿಡಿಸಿ ನೋಡಿದೆ. ಕೆಳಗಿನ ಸಿ ತಂತಿ ಸೆಕೆಂಡಿಗೆ ಸುಮಾರು 131 ಸಲ ಕಂಪಿಸುತ್ತದೆ. ಆದರೆ ಆ ಮೂಲಸ್ವರದ ಗೆರೆ ಪರದೆಯ ಮೇಲೆ ಕುಳ್ಳಗೆ ನಿಂತಿತ್ತು. ಅದರ ಎರಡರಷ್ಟು, ಮೂರರಷ್ಟು ಕಂಪನದ ಮೇಲಿನ ಸ್ವರಗಳೇ ಎತ್ತರ. ಪುಟ್ಟ ಒಡಲು ಅಷ್ಟು ಕೆಳಗಿನ ದನಿಯನ್ನು ಹೊರಗೆ ತಳ್ಳಲಾರದು. ಮೇಲಿನ ಸ್ವರಗಳನ್ನು ಕೇಳಿ ನಮ್ಮ ಕಿವಿಯೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ವಯೋಲಾದ ದನಿ ಸ್ವಲ್ಪ ಮೂಗಿನದು, ಸ್ವಲ್ಪ ಮಬ್ಬು, ಶೀತವಾದವರು ಪ್ರೀತಿಯಿಂದ ಮಾತಾಡಿದ ಹಾಗೆ ಇರುತ್ತದೆ. ಅದಕ್ಕೆ ಇದೂ ಒಂದು ಕಾರಣ. ಕೇಳಿ. (ಇಲ್ಲಿ ಒಂದೇ ಸ್ವರವನ್ನು ಮೊದಲು ಪಿಟೀಲಿನಲ್ಲಿ, ಆಮೇಲೆ ವಯೋಲಾದಲ್ಲಿ ನುಡಿಸಿ ತೋರಿಸಿದೆ.)

ಈ ರಾಜಿಯನ್ನು ಒಪ್ಪದ ಒಬ್ಬ ಹೆಂಗಸು ಇದ್ದರು. ಅಮೆರಿಕದ ಕಾರ್ಲೀನ್ ಹಚಿನ್ಸ್, 1911ರಲ್ಲಿ ಹುಟ್ಟಿದವರು, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಟೀಚರ್. ವಯೋಲಾ ನುಡಿಸುತ್ತಿದ್ದರು, ತನ್ನದು ಸರಿ ಇಲ್ಲ ಅನಿಸಿ ತಾನೇ ಒಂದು ಮಾಡಲು ಕೂತರು. ನ್ಯೂಜೆರ್ಸಿಯ ತಮ್ಮ ಮನೆಯಲ್ಲೇ ಮಕ್ಕಳನ್ನು ಬೆಳೆಸುತ್ತಾ ಹಲಗೆ ಕೆತ್ತಿ, ತಟ್ಟಿ, ಅಳೆದು, ಕೊನೆಗೆ ಭೌತಶಾಸ್ತ್ರದವರೂ ಕೇಳುವಂಥ ಸಂಶೋಧನೆ ಮಾಡಿದರು. ಒಡಲು ತಾನಾಗಿ ಚೆನ್ನಾಗಿ ದನಿಗೊಡುವ ಮುಖ್ಯ ಕಂಪನಗಳು ಪಿಟೀಲಿನಲ್ಲಿ ನಡುವಿನ ಎರಡು ತಂತಿಗಳ ಹತ್ತಿರ ಬೀಳುತ್ತವೆ, ವಯೋಲಾದಲ್ಲಿ ಅವು ತಂತಿಗಳಿಗಿಂತ ಮೇಲೆ ಸರಿದುಬಿಡುತ್ತವೆ ಎಂದು ತೋರಿಸಿದರು. ಆಮೇಲೆ ಲೆಕ್ಕಕ್ಕೆ ಸರಿಯಾಗಿ ಎಂಟು ವಾದ್ಯಗಳ ಒಂದು ಕುಟುಂಬವನ್ನೇ ಕಟ್ಟಿದರು. ಅದರಲ್ಲಿ ವಯೋಲಾದ ಜಾಗದ್ದು ಸುಮಾರು 20 ಇಂಚು, ಸೆಲ್ಲೋ ಥರ ನಿಲ್ಲಿಸಿಕೊಂಡು ನುಡಿಸುವಂಥದ್ದು. ಸೆಲ್ಲೋದ ಯೋ-ಯೋ ಮಾ ಅದರ ಮೇಲೆ ಬಾರ್ಟೋಕ್‌ನ ವಯೋಲಾ ಕನ್ಸರ್ಟೋ ರೆಕಾರ್ಡ್ ಮಾಡಿದ್ದಾರೆ, ಹುಡುಕಿ ಕೇಳಿ. ದನಿ ತುಂಬಿ ಬರುತ್ತದೆ. ಆದರೆ ನನಗೇನೋ ಅದು ವಯೋಲಾ ಅನಿಸುವುದಿಲ್ಲ. ಆ ಶೀತ ವಾಸಿಯಾಗಿಬಿಟ್ಟಿದೆ.

ನನ್ನ ಕೈಗೆ ಇದು ಬಂದದ್ದು ಆಸೆಪಟ್ಟಲ್ಲ. ಮೈಸೂರಿನಲ್ಲಿ ಸ್ಕೂಲಿನ ದಿನಗಳಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಮಗಳು ಹುಟ್ಟಿದ ಮೇಲೆ, ಪುಣೆಯಲ್ಲಿ ಭಾನುವಾರ ಸೇರುವ ಒಂದು ಹವ್ಯಾಸಿ ಗುಂಪಿಗೆ ಹೋದೆ. ಪಿಟೀಲಿನವರು ಒಂಬತ್ತು ಜನ ಆಗಲೇ ಇದ್ದರು, ವಯೋಲಾಕ್ಕೆ ಯಾರೂ ಇಲ್ಲ. ಕೊನೆಗೆ ಬಂದವಳು ನಾನು, ನನ್ನ ಕೈಗೆ ಕೊಟ್ಟರು. ಜಗತ್ತಿನಾದ್ಯಂತ ಇದೇ ಕಥೆಯಂತೆ, ವಯೋಲಾದವರ ಮೇಲಿನ ಜೋಕುಗಳೇ ಒಂದು ಪುಸ್ತಕದಷ್ಟಿವೆ. ಮೊದಲ ಮೂರು ತಿಂಗಳು ಎಡ ಭುಜ ನೋವು, ಹೊಸ ನೊಟೇಶನ್ ಓದಲು ಬಾರದು, ದಪ್ಪ ತಂತಿ ದನಿಗೂಡುವಷ್ಟರಲ್ಲಿ ಪಿಟೀಲಿನವರು ಮುಂದೆ ಹೋಗಿಬಿಟ್ಟಿರುತ್ತಿದ್ದರು. ಕಮಾನೂ ಭಾರ, ಪಿಟೀಲಿನದು 60 ಗ್ರಾಂ ಆದರೆ ಇದರದು 70ರ ಹತ್ತಿರ. ಹತ್ತು ಗ್ರಾಂ ಏನು ಮಹಾ ಅನ್ನಬೇಡಿ, ಎರಡು ಗಂಟೆ ಹಿಡಿದು ನೋಡಿ.

ನಮ್ಮ ಮೊದಲ ಕಾರ್ಯಕ್ರಮಕ್ಕೆ ಅಮ್ಮ ಮೈಸೂರಿನಿಂದ ಬಂದಿದ್ದಳು. ಮುಗಿದ ಮೇಲೆ ಅಂದಳು, “ನಿನ್ನ ಕೈ ಆಡೋದು ಕಾಣ್ತಿತ್ತು ಕಣೇ. ಸದ್ದೇ ಕೇಳಿಸ್ಲಿಲ್ಲ.”

ನನಗೆ ಕೋಪ ಬಂತು. ಆದರೆ ಮರುದಿನ ರೆಕಾರ್ಡಿಂಗ್ ತೆರೆದು, ವಯೋಲಾದ ಟ್ರ್ಯಾಕ್ ಮಾತ್ರ ಮ್ಯೂಟ್ ಮಾಡಿ ಅಮ್ಮನಿಗೆ ಕೇಳಿಸಿದೆ. ಏನು ಮಾಡಿದ್ದೇನೆಂದು ಹೇಳಲಿಲ್ಲ. ಅರ್ಧ ನಿಮಿಷ ಕೇಳಿ, “ಇದೇನೇ, ಬರೀ ತಿಳಿ ಬಗ್ಗಿಸಿದ ಹಾಗಿದೆ. ಅಡಿಯ ಬೇಳೆ ಎಲ್ಲಿ ಹೋಯ್ತು?” ಎಂದಳು. ಅದೇ ನಾನು ಎಂದೆ.

ಈ ಮಾತಿಗೆ ಹತ್ತಿರದ ಒಂದು ಹೆಸರು ರೆಬೆಕಾ ಕ್ಲಾರ್ಕ್. 1886ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ರಚನೆ ಕಲಿಯುವಾಗ ಅವರ ಗುರು ಸ್ಟ್ಯಾನ್‌ಫರ್ಡ್, ಪಿಟೀಲು ಬಿಟ್ಟು ವಯೋಲಾ ಹಿಡಿ, ಆಗ ಸಂಗೀತದ ನಟ್ಟನಡುವೆ ಕೂತು ಅದನ್ನು ಹೇಗೆ ಕಟ್ಟಿದ್ದಾರೆಂದು ಒಳಗಿನಿಂದ ಕೇಳಬಹುದು ಎಂದರಂತೆ. ಅಪ್ಪ ಜಗಳವಾಡಿ ಮನೆಯಿಂದ ಹೊರಗೆ ಹಾಕಿದಾಗ ಹೊಟ್ಟೆ ಹೊರೆದದ್ದು ಅದೇ ವಯೋಲಾ. 1910ರ ದಶಕದ ಮೊದಲಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಾಗ ಅವರಲ್ಲಿ ಈಕೆಯೂ ಒಬ್ಬರು.

1918ರಲ್ಲಿ ನ್ಯೂಯಾರ್ಕಿನ ಒಂದು ಕಛೇರಿಯಲ್ಲಿ ತಮ್ಮದೇ ಹಲವು ರಚನೆಗಳನ್ನು ನುಡಿಸಬೇಕಿತ್ತು. ಎಲ್ಲದಕ್ಕೂ ತನ್ನ ಹೆಸರೇ ಹಾಕಿಕೊಳ್ಳಲು ಸಂಕೋಚವಾಗಿ ಒಂದಕ್ಕೆ ಆಂಟನಿ ಟ್ರೆಂಟ್ ಎಂಬ ಗಂಡಸಿನ ಹೆಸರು ಇಟ್ಟರು. ಪತ್ರಿಕೆಯವರು ಆ ಇಲ್ಲದ ಟ್ರೆಂಟ್‌ಗೆ ಹೆಚ್ಚು ಗಮನ ಕೊಟ್ಟರು. ಮರುವರ್ಷ ಅಮೆರಿಕದಲ್ಲಿ ವಯೋಲಾ ರಚನೆಗಳ ಸ್ಪರ್ಧೆ. ಎಪ್ಪತ್ತಕ್ಕೂ ಹೆಚ್ಚು ರಚನೆಗಳು, ಹೆಸರು ಮುಚ್ಚಿಟ್ಟಿದ್ದರು. ತೀರ್ಪುಗಾರರ ಮತ ಎರಡು ರಚನೆಗಳಿಗೆ ಸಮವಾಗಿ ಹಂಚಿಹೋಯಿತು. ಸ್ಪರ್ಧೆ ಏರ್ಪಡಿಸಿದ ಎಲಿಜಬೆತ್ ಕೂಲಿಜ್ ಎಂಬಾಕೆಯೇ ಕೊನೆಯ ಮತ ಹಾಕಬೇಕಾಯಿತು. ಬಹುಮಾನ ಎರ್ನೆಸ್ಟ್ ಬ್ಲಾಕ್‌ಗೆ ಹೋಯಿತು. ಎರಡನೆಯದರ ಹೆಸರು ತೆರೆದರೆ ಅದೊಂದು ಹೆಂಗಸಿನದು! ಜನ ನಂಬಲಿಲ್ಲ. ರೆಬೆಕಾ ಕ್ಲಾರ್ಕ್ ಎಂಬುವರೇ ಇಲ್ಲ, ಅದು ಬ್ಲಾಕ್‌ನದೇ ಇನ್ನೊಂದು ಹೆಸರು ಎಂಬ ಗಾಳಿಸುದ್ದಿಯೂ ಹಬ್ಬಿತು. ಗಂಡಸಿನ ಸುಳ್ಳು ಹೆಸರನ್ನು ನಿಜವೆಂದರು, ಹೆಂಗಸಿನ ನಿಜ ಹೆಸರನ್ನು ಸುಳ್ಳೆಂದರು. ಆ ಸೊನಾಟಾ ಇವತ್ತು ವಯೋಲಾ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ರಚನೆ. ನನಗೆ ಅದರ ಮೊದಲ ಪುಟ ದಾಟಲು ಇನ್ನೂ ಆಗಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಕೇಳಿಯೇ ಹೇಳುತ್ತಿದ್ದೇನೆ.

ಅಮ್ಮ ನಮ್ಮ ಬಡಾವಣೆಯ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ದೇವರನಾಮ ಹಾಡಿದವಳು. ಐದರ ಶ್ರುತಿ. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಒಂದು, ಎರಡು, ಐದು ಅನ್ನುತ್ತೇವಲ್ಲ, ಅದು. ನಾಲ್ಕು ವರ್ಷದ ಹಿಂದೆ ಥೈರಾಯ್ಡ್ ಆಪರೇಷನ್ ಆಯಿತು. ಕಾಯಿಲೆ ವಾಸಿಯಾಯಿತು, ಆದರೆ ಮೇಲಿನ ಸ್ವರಗಳು ಬರುವುದು ನಿಂತಿತು. ಮಂಡಳಿಯಲ್ಲಿ ಶ್ರುತಿಪೆಟ್ಟಿಗೆ ಐದಕ್ಕೇ ಇತ್ತು. ಕೆಲವು ದಿನ ಬಾಯಿ ಆಡಿಸಿದಳು, ಆಮೇಲೆ ಹೂ ಕಟ್ಟಲು, ಪ್ರಸಾದ ಹಂಚಲು ನಿಂತಳು, ಆಮೇಲೆ ಹೋಗುವುದನ್ನೇ ಬಿಟ್ಟಳು. ಕೇಳಿದರೆ “ನನ್ನದು ಗಂಡು ದನಿ ಆಗಿದೆ, ಯಾರು ಕೇಳ್ತಾರೆ” ಎನ್ನುತ್ತಿದ್ದಳು. ಗಂಗೂಬಾಯಿ ಹಾನಗಲ್ ಅವರಿಗೂ ಗಂಟಲಿನ ಚಿಕಿತ್ಸೆಯ ನಂತರವೇ ದನಿ ಗಡುಸಾಗಿದ್ದು, ಜಗತ್ತು ಕೇಳಿದ್ದು ಆ ದನಿಯನ್ನೇ ಎಂದು ಹೇಳಿದೆ. “ಅವರು ಗಂಗೂಬಾಯಿ, ನಾನು ನಿನ್ನಮ್ಮ” ಎಂದಳು. ವಾದಕ್ಕೆ ನಿಲ್ಲುವ ಹಾಗಿರಲಿಲ್ಲ.

ಕಳೆದ ದಸರಾಕ್ಕೆ ಪುಣೆಗೆ ಬಂದಾಗ ಅಡುಗೆಮನೆಯಲ್ಲಿ ಗುನುಗುತ್ತಿದ್ದಳು. ಫೋನಿನ ತಂಬೂರಿ ಆ್ಯಪ್ ಹಿಡಿದು ಹಿಂದೆ ನಿಂತೆ. ನಾಲ್ಕು ಆಗಲಿಲ್ಲ, ಮೂರು ಸುಮಾರು, ಎರಡಕ್ಕೆ ಇಳಿಸಿದಾಗ ದನಿ ನೆಟ್ಟಗೆ ನಿಂತಿತು. ಪಿಟೀಲು ತಂದೆ. ಎರಡರ ಶ್ರುತಿಗೆ ಸ-ಪ-ಸ-ಪ ಎಂದರೆ ಡಿ, ಎ, ಡಿ, ಎ. ನನ್ನ ಪಿಟೀಲಿನ ಜಿ ತಂತಿಯನ್ನು ಅಷ್ಟು ಕೆಳಗೆ ಇಳಿಸಿದರೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲಾಡಿತು. ವಿದ್ವಾಂಸರು ದಪ್ಪ ತಂತಿ ಹಾಕಿ ಇದನ್ನು ಸಲೀಸಾಗಿ ನುಡಿಸುತ್ತಾರೆ. ದನಿ ಸಾಲದು ಅನಿಸಿ ನಮ್ಮ ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿಯನ್ನೇ ಹಾಕಿದರು. ನನ್ನ ಬಳಿ ಅದೆಲ್ಲ ಇರಲಿಲ್ಲ, ವಯೋಲಾ ಇತ್ತು. ಸಿ, ಜಿ, ಡಿ, ಎ. ಮೇಲಿನ ಎರಡು ತಂತಿ ಮುಟ್ಟುವುದೇ ಬೇಡ. ಕೆಳಗಿನ ಎರಡನ್ನು ಒಂದೊಂದು ಸ್ವರ ಬಿಗಿ ಮಾಡಿದರೆ ಸಾಕು. ಹೊಸ ಉಪಾಯವೇನಲ್ಲ, 1779ರಲ್ಲಿ ಮೊಝಾರ್ಟ್ ಪಿಟೀಲು ಮತ್ತು ವಯೋಲಾ ಜೋಡಿಗೆ ಬರೆದ ರಚನೆಯಲ್ಲಿ ವಯೋಲಾದ ತಂತಿಗಳನ್ನೆಲ್ಲ ಅರ್ಧ ಸ್ವರ ಬಿಗಿ ಮಾಡಿಸಿದ್ದ, ಪಿಟೀಲಿನ ಪಕ್ಕ ಮಂಕಾಗದಿರಲಿ ಎಂದು. ನಮ್ಮಲ್ಲಿ ಬಾಲಮುರಳಿಕೃಷ್ಣ ಅವರೂ ವಯೋಲಾ ನುಡಿಸುತ್ತಿದ್ದರು.

ಇನ್ನೊಂದು ವಿಷಯ ಆವತ್ತೇ ಹೊಳೆಯಿತು. ನಾವು ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಬಲಗಾಲಿನ ಮೇಲೆ ಊರಿ ನುಡಿಸುವವರು. ಭಾರವೆಲ್ಲ ಕಾಲಿಗೆ. ಭಾನುವಾರದ ಗುಂಪಿನಲ್ಲಿ ಎರಡು ವರ್ಷ ಕಾಡಿದ ಭುಜದ ನೋವು ಮನೆಯ ಚಾಪೆಯ ಮೇಲೆ ಇಲ್ಲವೇ ಇಲ್ಲ. ಕೈ ಚಾಚುವುದು ಮಾತ್ರ ಸ್ವಲ್ಪ ಹೆಚ್ಚು, ಬೆರಳುಗಳ ಅಂತರವನ್ನು ಹೊಸದಾಗಿ ಕಲಿಯಬೇಕು.

ಅಮ್ಮ ಮೊದಲ ದಿನ ಒಂದು ದೇವರನಾಮದ ಪಲ್ಲವಿ ಹಾಡಿ, ಅನುಪಲ್ಲವಿಗೆ ಅಳು ಬಂದು ನಿಲ್ಲಿಸಿದಳು. ಎರಡನೇ ದಿನ ಪೂರ್ತಿ ಹಾಡಿ, “ನೀನು ಚರಣದಲ್ಲಿ ಅವಸರ ಮಾಡ್ತೀಯಾ” ಎಂದು ಬೈದಳು.

ನಮ್ಮ ವೇದಿಕೆಯ ಪುರಂದರ ಆರಾಧನೆಗೆ ಒಂದು ಕೇಳಿಕೆ ಇದೆ. ಸಮೂಹ ಗಾಯನಕ್ಕೆ ಶ್ರುತಿ ಇಡುವ ಮೊದಲು ಹಿಂದಿನ ಸಾಲಿನ ಹಿರಿಯರನ್ನು ಒಮ್ಮೆ ಕೇಳಿ. ಐದರಲ್ಲಿ ನಾಲ್ಕು ಹಾಡು ಆದರೆ ಎರಡರಲ್ಲಿ ಒಂದಾದರೂ ಇರಲಿ. ಬಾಯಿ ಮಾತ್ರ ಆಡಿಸುತ್ತಿರುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೋ, ಇವತ್ತು ನಿಮ್ಮ ಮುಖ ನೋಡಿದರೆ ಅಮ್ಮ ಒಬ್ಬಳೇ ಅಲ್ಲ ಅನಿಸುತ್ತಿದೆ.

ಮಾತು ಸಾಕು. ಯಾರಾದರೂ ಆ ಚಾಪೆ ಹಾಸಿಕೊಡಿ. ಅಮ್ಮಾ, ಬಾ. ಎರಡಕ್ಕೇ ಇಟ್ಟಿದ್ದೀನಿ.