ಮಿದುಳಿನ ಗೆಡ್ಡೆ, ಮೈಕ್ರೋ ಆರ್‌ಎನ್‌ಎ ಮತ್ತು ನಮ್ಮ ವೈದ್ಯಕೀಯ ನಿಧಿ

(ಸಂಘದ ವೈದ್ಯಕೀಯ ನೆರವು ಸಮಿತಿಯ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪೆಥಾಲಜಿ ಲ್ಯಾಬಿನಲ್ಲಿ ದುಡಿದು ನಿವೃತ್ತನಾದವನು. ಸಂಘಕ್ಕೆ ಬರುವ ನೆರವಿನ ಅರ್ಜಿಗಳ ವೈದ್ಯಕೀಯ ಕಾಗದಪತ್ರಗಳನ್ನು ನೋಡುವ ಕೆಲಸ ಈಗ ನನ್ನದು. ಮಗುವಿನ ಮಿದುಳಿನ ಗೆಡ್ಡೆಯ ಅರ್ಜಿ ಬಂದಾಗ ಸದಸ್ಯರು ಕೇಳುವುದುಂಟು: “ಆಪರೇಷನ್ ಆಗಿದೆಯಲ್ಲ, ಇನ್ನು ಟೆಸ್ಟಿಗೆ ಯಾಕೆ ಹಣ?” ನ್ಯಾಯವಾದ ಪ್ರಶ್ನೆ. ದಾನಿಗಳ ಒಂದೊಂದು ರೂಪಾಯಿಗೂ ನಾವು ಲೆಕ್ಕ ಕೊಡಬೇಕು.

ನಮ್ಮವರ ಹೋಟೆಲನ್ನೇ ತೆಗೆದುಕೊಳ್ಳೋಣ. ಜೀವಕೋಶದ ಡಿಎನ್‌ಎ ಎಂದರೆ ಎಲ್ಲ ತಿಂಡಿಗಳ ಅಳತೆ ಬರೆದಿಟ್ಟ ಪುಸ್ತಕ. ಅದು ಅಡುಗೆಮನೆಗೆ ಹೋಗುವುದಿಲ್ಲ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಭಟ್ಟರಿಗೆ ಕಳಿಸುತ್ತಾರೆ. ಆ ಚೀಟಿಯೇ ಮೆಸೆಂಜರ್ ಆರ್‌ಎನ್‌ಎ, ತಯಾರಾಗುವ ತಿಂಡಿಯೇ ಪ್ರೋಟೀನು. “ಇಷ್ಟು ಸಾಕು, ಇನ್ನು ಬೇಡ” ಎಂದು ಚೀಟಿಯನ್ನು ತಡೆಯುವ ಮೇಲ್ವಿಚಾರಕನೇ ಮೈಕ್ರೋ ಆರ್‌ಎನ್‌ಎ. ಸುಮಾರು 22 ಅಕ್ಷರಗಳಷ್ಟು ಉದ್ದದ ಪುಟ್ಟ ತುಣುಕು. ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಮೊದಲು ಗುರುತಿಸಿ 1993ರಲ್ಲಿ ಪ್ರಕಟಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕನ್ ಅವರಿಗೆ 2024ರ ನೊಬೆಲ್ ಬಹುಮಾನ ಬಂತು.

ಮೇಲ್ವಿಚಾರಕ ಇಲ್ಲದಾದರೆ “ಬೆಳೆ, ಬೆಳೆ” ಎನ್ನುವ ಚೀಟಿಗಳಿಗೆ ತಡೆಯಿಲ್ಲ. ಇನ್ನು ಕೆಲವು ಮೈಕ್ರೋ ಆರ್‌ಎನ್‌ಎಗಳು ಅತಿಯಾದರೆ, ಬೆಳವಣಿಗೆಯನ್ನು ನಿಲ್ಲಿಸಬೇಕಾದ ಚೀಟಿಯೇ ಭಟ್ಟರ ಕೈಸೇರುವುದಿಲ್ಲ. ಗೆಡ್ಡೆ ಬೆಳೆಯುವುದರಲ್ಲಿ ಈ ಎರಡೂ ಬಗೆಯ ಏರುಪೇರಿನ ಪಾಲಿದೆ.

ಮಕ್ಕಳಲ್ಲಿ ಕಾಣುವ ಮೆಡ್ಯುಲೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗೆಡ್ಡೆಯಲ್ಲಿ ಮುಖ್ಯವಾಗಿ ನಾಲ್ಕು ಗುಂಪುಗಳಿವೆ. ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಂಡರೂ ಸ್ವಭಾವ ಬೇರೆ ಬೇರೆ. ‘ವಿಂಟ್’ ಎಂಬ ಗುಂಪಿನ ಮಕ್ಕಳು ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಉಳಿಯುತ್ತಾರೆ. ‘ಗುಂಪು ಮೂರು’ ಬಹಳ ಕಠಿಣ. ಮಿದುಳು ಮತ್ತು ಬೆನ್ನುಹುರಿಗೆ ಕೊಡುವ ವಿಕಿರಣ ಮಗುವಿನ ಬೆಳವಣಿಗೆ, ಕಲಿಕೆ ಎರಡನ್ನೂ ಬಾಧಿಸುತ್ತದೆ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಅಪಾಯ. ಅದಕ್ಕೇ ಗುಂಪು ಯಾವುದೆಂದು ತಿಳಿಯಬೇಕು.

ಈ ದಿಕ್ಕಿನಲ್ಲಿ ನಮ್ಮ ಖಾರ್ಘರ್‌ನಲ್ಲೇ ಕೆಲಸ ನಡೆದಿದೆ. ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಸಂಸ್ಥೆಯಲ್ಲಿ ಡಾ. ನೀಲಂ ಶಿರಸಾಟ್ ಅವರ ತಂಡ, ಕೆಲವು ಜೀನ್‌ಗಳ ಜೊತೆಗೆ ಮೈಕ್ರೋ ಆರ್‌ಎನ್‌ಎಗಳನ್ನೂ ಅಳೆದು ಗುಂಪು ಗುರುತಿಸುವ ಪರೀಕ್ಷೆಯನ್ನು ರೂಪಿಸಿ 2013ರಲ್ಲಿ ಪ್ರಕಟಿಸಿತು. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿಡುತ್ತಾರಲ್ಲ, ಆ ಬ್ಲಾಕಿನಿಂದಲೇ ಈ ಪರೀಕ್ಷೆ ಮಾಡಬಹುದು. ಉದ್ದದ ಆರ್‌ಎನ್‌ಎ ಅದರಲ್ಲಿ ತುಂಡುತುಂಡಾಗುತ್ತದೆ. ಮೈಕ್ರೋ ಆರ್‌ಎನ್‌ಎ ಚಿಕ್ಕದಾದ್ದರಿಂದ ಉಳಿದಿರುತ್ತದೆ. ದೊಡ್ಡವರ ಗ್ಲಿಯೋಬ್ಲಾಸ್ಟೋಮಾ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕುಮಾರವೇಲ್ ಸೋಮಸುಂದರಂ ಅವರ ತಂಡ, 10 ಮೈಕ್ರೋ ಆರ್‌ಎನ್‌ಎಗಳ ಮಟ್ಟದಿಂದ ರೋಗದ ಗತಿಯನ್ನು ಅಂದಾಜು ಮಾಡಬಹುದೆಂದು 2011ರಲ್ಲಿ ತೋರಿಸಿತು.

ಒಂದು ಎಚ್ಚರಿಕೆ. ಮಿದುಳಿನ ಗೆಡ್ಡೆಗೆ ಮೈಕ್ರೋ ಆರ್‌ಎನ್‌ಎ ಔಷಧಿ ಇನ್ನೂ ಬಳಕೆಗೆ ಬಂದಿಲ್ಲ. ಬೇರೆ ಕ್ಯಾನ್ಸರ್‌ಗಳಿಗೆ ಪ್ರಯೋಗಿಸಿದ ಎಂಆರ್‌ಎಕ್ಸ್ 34 ಎಂಬ ಔಷಧಿಯ ಪರೀಕ್ಷೆಯನ್ನು ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಆದ್ದರಿಂದ ಯಾರಾದರೂ ಅಂಥ ಔಷಧಿ ಮಾರಲು ಬಂದರೆ ಮನೆ ಮಾರಿ ಹಣ ಕೊಡಬೇಡಿ. ಇಂದಿಗೂ ಆಧಾರ ಆಪರೇಷನ್, ವಿಕಿರಣ ಮತ್ತು ಕೀಮೋ. ಯಾವ ಪರೀಕ್ಷೆ ಬೇಕೆಂಬುದನ್ನು ಚಿಕಿತ್ಸೆ ಕೊಡುವ ವೈದ್ಯರೇ ಹೇಳಬೇಕು.

ಇನ್ನು ನಮ್ಮ ಕೆಲಸ. ಊರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಪರೇಲಿಗೆ ಬರುವವರು ಸ್ಕ್ಯಾನ್ ಫಿಲ್ಮುಗಳನ್ನು ಜೋಪಾನವಾಗಿ ತರುತ್ತಾರೆ, ಮೇಣದ ಬ್ಲಾಕನ್ನು ಮಾತ್ರ ತಂದಿರುವುದಿಲ್ಲ. ಅದನ್ನು ಕೇಳಿ ಪಡೆಯಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ತಂದೆ ಮತ್ತೆ ರೈಲು ಹತ್ತುತ್ತಾನೆ. ಇತ್ತ ತಾಯಿ, ಮಗು ಆಸ್ಪತ್ರೆಯ ಸುತ್ತಮುತ್ತ ದಿನ ಕಳೆಯುತ್ತಾರೆ. ಮುಂದೆ ವಿಕಿರಣ ಚಿಕಿತ್ಸೆಯೇ ಸುಮಾರು ಆರು ವಾರ, ವಾರಕ್ಕೆ ಐದು ದಿನ. ಕೈಯಲ್ಲಿ ಕಾಸಿಲ್ಲದೆ ಅರ್ಧಕ್ಕೇ ಊರಿಗೆ ಮರಳಿದರೆ ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ವ್ಯರ್ಥ.

ಹಾಗಾಗಿ ನನ್ನ ಕೋರಿಕೆ ಮೂರು. ಊರಿನ ಬಂಧುಗಳಿಗೆ ಫೋನ್ ಮಾಡಿದಾಗ ಬ್ಲಾಕ್, ಸ್ಲೈಡ್, ರಿಪೋರ್ಟ್ ಮೂರನ್ನೂ ತರಲು ಹೇಳಿ. ಪರೇಲ್, ಖಾರ್ಘರ್ ಆಸುಪಾಸಿನ ಸದಸ್ಯರು ಭಾಷೆ ಬಾರದ ಕುಟುಂಬದ ಜೊತೆ ಒಂದು ದಿನ ಓಪಿಡಿಗೆ ಹೋಗಿ. ನಿಧಿಗೆ ಕೊಡುವ ದಾನವನ್ನು ಪರೀಕ್ಷೆಯ ಶುಲ್ಕಕ್ಕೂ ಆರು ವಾರದ ವಸತಿ, ಊಟಕ್ಕೂ ಬಳಸಲು ಸಮಿತಿಗೆ ಒಪ್ಪಿಗೆ ಕೊಡಿ. ಕಾಯಿಲೆ ಏನೆಂದು ಸರಿಯಾಗಿ ತಿಳಿಯುವುದಕ್ಕೆ, ಹಿಡಿದ ಚಿಕಿತ್ಸೆ ಮುಗಿಯುವುದಕ್ಕೆ ನಮ್ಮ ಹಣ ನೆರವಾದರೆ ಅದೇ ದೊಡ್ಡ ದಾನ.