ಅರಮನೆಯಿಂದ ಕಬಿನಿಗೆ
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಡಾಕ್ಟರ ಕೈಗೆ ಮೈಕು ಕೊಟ್ಟರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ಶುರು ಮಾಡುತ್ತಾರೆ, ಅಷ್ಟರಲ್ಲಿ ಬಿಸಿಬೇಳೆ ಭಾತ್ ಆರಿಹೋಗುತ್ತದೆ ಎಂಬ ಭಯ ನಿಮಗಿರಬಹುದು. ಹೆದರಬೇಡಿ. ಇವತ್ತು ನಾವು ಹೇಳಹೊರಟಿರುವುದು ಊರಿಗೆ ಹೋಗಿ ಬಂದ ಕಥೆ.

2025ರ ಜನವರಿ ರಜೆಯಲ್ಲಿ ಸಿಡ್ನಿಯಿಂದ ನಾವು ನಾಲ್ವರು, ಮೆಲ್ಬರ್ನಿನಿಂದ ನಮ್ಮ ತಂಗಿಯ ಮನೆಯ ಮೂವರು, ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೊರಟೆವು. ಹಿಂದೆಲ್ಲ ಊರಿಗೆ ಹೋದರೆ ನೆಂಟರ ಮನೆ, ಮದುವೆ ಮನೆ, ಸೀರೆ ಅಂಗಡಿ, ಇಷ್ಟರಲ್ಲೇ ರಜೆ ಮುಗಿಯುತ್ತಿತ್ತು. ಈ ಸಲ ಮಕ್ಕಳಿಗೆ ಕೋಟೆ, ಅರಮನೆ, ಕಾಡು ಮೂರನ್ನೂ ತೋರಿಸಲೇಬೇಕೆಂದು ಹಠ ತೊಟ್ಟೆವು.

ಮೊದಲು ಶ್ರೀರಂಗಪಟ್ಟಣ. ಕಾವೇರಿ ಸುತ್ತುವರಿದ ಕೋಟೆ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದಲ್ಲಿ ಮಕ್ಕಳು ಸುಮ್ಮನೆ ನಿಂತರು. ಅಲ್ಲಿಂದ ಮೈಸೂರು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿಗೆ ಬೆಂಕಿಗೆ ಆಹುತಿಯಾದದ್ದು, ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಈಗಿನ ಅರಮನೆ 1912ರಲ್ಲಿ ಮುಗಿದದ್ದು, ಎಲ್ಲವನ್ನೂ ಗೈಡಿಗಿಂತ ಮುಂಚೆ ನಾವೇ ಹೇಳಿದೆವು. ಎಂ.ಬಿ.ಬಿ.ಎಸ್. ಓದಿದ್ದು ಮೈಸೂರಿನಲ್ಲೇ ಅಲ್ಲವೇ, ಜಂಬ ಸ್ವಲ್ಪ ಇರುತ್ತದೆ! ಚಿನ್ನದ ಅಂಬಾರಿ ಸುಮಾರು 750 ಕಿಲೋ ಎಂದಾಗ ಮಗ ಕೇಳಿದ: “ಹೊತ್ತ ಆನೆ ಎಲ್ಲಿ?” “ನಾಳೆ ಕಾಡಿನಲ್ಲಿ ನೋಡೋಣ” ಎಂದೆವು.

ಮಾರನೆಯ ದಿನ ಕಬಿನಿ. ಮೈಸೂರಿನಿಂದ ಎರಡು ಗಂಟೆಯ ದಾರಿ. ಹಾಸ್ಟೆಲಿನಲ್ಲಿದ್ದ ಐದೂವರೆ ವರ್ಷದಲ್ಲಿ ನಾವು ಒಮ್ಮೆಯೂ ಹೋಗಿರಲಿಲ್ಲ. ಸಫಾರಿಯಲ್ಲಿ ಹುಲಿ ಕಾಣಲಿಲ್ಲ. ಆನೆ, ಕಾಟಿ, ಜಿಂಕೆ ಹಿಂಡುಹಿಂಡಾಗಿ ಕಂಡವು. ಹಿನ್ನೀರಿನ ಬಳಿ ಜೀಪು ನಿಂತಾಗ ನಮ್ಮ ಹನ್ನೆರಡು ವರ್ಷದ ಮಗಳು ಕೇಳಿದಳು: “ಅಪ್ಪಾ, ಇಲ್ಲಿಯ ಟ್ರೆಡಿಷನಲ್ ಓನರ್ಸ್ ಯಾರು?”

ಈ ಪ್ರಶ್ನೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತು. ಇಲ್ಲಿಯ ಶಾಲೆಗಳಲ್ಲಿ ಅಸೆಂಬ್ಲಿ ಶುರುವಾಗುವುದೇ ಮೂಲ ನಿವಾಸಿಗಳನ್ನು ನೆನೆದು. ನಮ್ಮ ಮಗಳು ದಾರುಗ್ ಜನರ ಹೆಸರು ಹೇಳುತ್ತಾಳೆ, ಮೆಲ್ಬರ್ನಿನ ಸೊಸೆಯಂದಿರು ವುರುಂಡ್ಜೆರಿ ಎನ್ನುತ್ತಾರೆ. ನಾವು ಮುಖ ಮುಖ ನೋಡಿಕೊಂಡು “ಮೈಸೂರು ಮಹಾರಾಜರು” ಎಂದುಬಿಟ್ಟೆವು.

ಜೀಪಿನ ಡ್ರೈವರು ನಕ್ಕರು. “ಮಹಾರಾಜರು ಬೇಟೆಗೆ, ಖೆಡ್ಡಾಕ್ಕೆ ಬರೋರು ಸಾರ್. ಇಲ್ಲೇ ಇದ್ದೋರು ನಾವು, ಜೇನುಕುರುಬರು. ಖೆಡ್ಡಾದಲ್ಲಿ ಆನೆ ಅಟ್ಟಿದೋರು ನಮ್ಮ ತಾತ. ಆ ಜಾಗ ಈಗ ಈ ನೀರಿನೊಳಗಿದೆ.”

ಖೆಡ್ಡಾ ಎಂದರೆ ಕಾಡಾನೆಗಳ ಹಿಂಡನ್ನು ಸುತ್ತುಗಟ್ಟಿ, ತಮಟೆ ಬಡಿದು, ಹೊಳೆ ದಾಟಿಸಿ ಬೊಡ್ಡೆಯ ಬೇಲಿಯೊಳಗೆ ಕೂಡುವುದು. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಜಾಗ ಮುಳುಗಿತು. ಅಂಬಾರಿ ಹೊತ್ತ ಅರ್ಜುನನನ್ನು ಹಿಡಿದದ್ದೂ 1968ರಲ್ಲಿ ಕಾಕನಕೋಟೆಯಲ್ಲೇ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಆ ಆನೆ, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ತಿವಿತಕ್ಕೆ ಸತ್ತಿತು. ಮಗನ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು.

ದಸರಾ ಆನೆಗಳ ಮಾವುತರು, ಕಾವಾಡಿಗಳು ಹೆಚ್ಚಿನವರು ಈ ಕಾಡಿನ ಹಾಡಿಗಳವರೇ. ಗಜಪಯಣ ವೀರನಹೊಸಹಳ್ಳಿಯಿಂದ ಹೊರಟ ಮೇಲೆ ವಾರಗಟ್ಟಲೆ ಸಂಸಾರ ಸಮೇತ ಅರಮನೆಯ ಆವರಣದ ಶೆಡ್ಡುಗಳಲ್ಲಿರುತ್ತಾರೆ. ಅವರ ಮಕ್ಕಳಿಗೆ ಅಲ್ಲೇ ತಾತ್ಕಾಲಿಕ ಶಾಲೆ. ಹುಲಿ ಸಂರಕ್ಷಣೆಗೆಂದು ನಾಗರಹೊಳೆಯ ಹಾಡಿಗಳಿಂದ ಹೊರಗೆ ಬಂದವರಲ್ಲಿ ಕೆಲವು ಜೇನುಕುರುಬ ಕುಟುಂಬಗಳು 2025ರ ಮೇ ತಿಂಗಳಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟು, ಕರಡಿಕಲ್ಲು ಹಾಡಿಗೆ ಮರಳಿ ಹೋದವು.

ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹೌಸ್ ಸರ್ಜನ್ಸಿ ಮಾಡುವಾಗ ಈ ಕಡೆಯಿಂದ ರೋಗಿಗಳು ಬರುತ್ತಿದ್ದರು. ಮಾತು ಕಡಿಮೆ, ರಕ್ತ ಕಡಿಮೆ, ಕೀಲು ನೋವು. ಕೇಸ್ ಶೀಟಿನಲ್ಲಿ “ಎಚ್.ಡಿ. ಕೋಟೆ, ಕೂಲಿ” ಎಂದು ಬರೆದು ಕಬ್ಬಿಣದ ಮಾತ್ರೆ ಕೊಟ್ಟು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆವು. ಆ ಭಾಗದ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆ ಇದೆ. “ನೀವು ಯಾವ ಹಾಡಿಯವರು, ಯಾವ ಜನ?” ಎಂದು ಒಂದು ಮಾತು ಕೇಳಿದ್ದರೆ ಅದರ ಯೋಚನೆಯಾದರೂ ಬರುತ್ತಿತ್ತೋ ಏನೋ. ನಾವು ಕೇಳಲಿಲ್ಲ. ಕೇಳಿದವರೂ ಇದ್ದರು. ಮೈಸೂರಿನ ಕೆಲವು ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ ಅದೇ ತಾಲೂಕಿನಲ್ಲಿ ಆಸ್ಪತ್ರೆ ನಡೆಸಿದರು. ನಾವು ರೆಸಿಡೆನ್ಸಿಯ ಅರ್ಜಿ ತುಂಬುತ್ತಿದ್ದೆವು.

ಕೊನೆಗೆ ಹಂಪಿ, ಪಕ್ಕದ ದರೋಜಿ ಕರಡಿಧಾಮ. ಹಂಪಿಯ ಗಜಶಾಲೆಯ 11 ಗುಮ್ಮಟದ ಕೋಣೆಗಳನ್ನು ನೋಡಿ ಮಗಳ ಪ್ರಶ್ನೆ: “ಆನೆಗೆ ಇಷ್ಟು ಚೆನ್ನಾದ ಮನೆ. ಮಾವುತರು ಎಲ್ಲಿ ಮಲಗುತ್ತಿದ್ದರು?” ಈ ಸಲ ನಾವು ಬಾಯಿಗೆ ಬಂದ ಉತ್ತರ ಕೊಡಲಿಲ್ಲ.

ಬಂಧುಗಳೇ, ನೀವೂ ಹೋಗಿಬನ್ನಿ. ಡಾಕ್ಟರಾಗಿ ಒಂದೇ ಮಾತು: ಆರು ವಾರ ಮೊದಲೇ ಜಿ.ಪಿ.ಯನ್ನು ಕಂಡು ಚುಚ್ಚುಮದ್ದು ವಿಚಾರಿಸಿ. ನಾಯಿ, ಕೋತಿ ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಸಫಾರಿ ನಡೆಯುತ್ತಿದೆಯೇ ಎಂದೂ ಕೇಳಿಕೊಳ್ಳಿ. ಹುಲಿ ದಾಳಿಗೆ ಜನ ಬಲಿಯಾದ ಮೇಲೆ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆ ಎರಡೂ ಕಡೆ ನಿಲ್ಲಿಸಿದ್ದರು. ಕಾಡಂಚಿನಲ್ಲಿ ಬದುಕುವವರಿಗೆ ಹುಲಿ ಫೋಟೋ ಅಲ್ಲ.

ದಸರಾ ಸಮಯಕ್ಕೆ ಹೋದರೆ ಮೆರವಣಿಗೆ ನೋಡಿ, ಆಮೇಲೆ ಮಾವುತರನ್ನೂ ಮಾತಾಡಿಸಿ. ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ “ಗೊತ್ತಿಲ್ಲ, ಕೇಳೋಣ ಬಾ” ಎನ್ನಿ. ಕೇಳುವುದಕ್ಕೆ ನಮ್ಮಲ್ಲಿ ಕನ್ನಡ ಇದೆ. ಮಕ್ಕಳಿಗೆ ನಾವು ಕನ್ನಡ ಕಲಿಸುವುದು ಇದಕ್ಕೂ ಹೌದು.

ಬಿಸಿಬೇಳೆ ಭಾತ್ ಇನ್ನೂ ಬಿಸಿಯಾಗಿದೆಯಂತೆ. ಸಿರಿಗನ್ನಡಂ ಗೆಲ್ಗೆ!