ಗೆರೆ ಎಳೆಯುವ ಕೈ

(ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಭೂಪಟದ ಮೇಲಿನ ಒಂದು ಗೆರೆ ಜನರ ಬದುಕನ್ನು ಹೇಗೆ ಬದಲಿಸಬಲ್ಲದೆಂಬುದನ್ನು ಹೊರನಾಡ ಕನ್ನಡಿಗರಿಗೆ ಹೇಳಬೇಕಾಗಿಲ್ಲ. 1956ರ ಗೆರೆ ಕಾಸರಗೋಡನ್ನು ಯಾವ ಕಡೆಗೆ ಸೇರಿಸಿತೆಂಬುದು ನಮಗೆ ನೆನಪಿದೆ. ಆ ಗೆರೆ ರಾಜ್ಯರಾಜ್ಯಗಳ ನಡುವಿನದು. ಇಂದು ನಾನು ಹೇಳಹೊರಟಿರುವುದು ರಾಜ್ಯದ ಒಳಗೇ ಎಳೆಯಲಾಗುವ ಗೆರೆಗಳ ವಿಚಾರ. ಅಮೆರಿಕದ ನಾರ್ತ್ ಕೆರೊಲಿನಾದ ಉದಾಹರಣೆ.

ಅಮೆರಿಕದ ಪ್ರತಿನಿಧಿ ಸಭೆಯ 435 ಸ್ಥಾನಗಳು ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ತರುವಾಯ, ರಾಜ್ಯಗಳಿಗೆ ಹಂಚಿಕೆಯಾಗುತ್ತವೆ. ಕ್ಷೇತ್ರಗಳ ಎಲ್ಲೆ ಗುರುತಿಸುವ ಅಧಿಕಾರ ಬಹುತೇಕ ರಾಜ್ಯಗಳಲ್ಲಿ ಶಾಸನಸಭೆಯದು. ನಾರ್ತ್ ಕೆರೊಲಿನಾದಲ್ಲಂತೂ ಜನರೇ ಆರಿಸಿದ ಗವರ್ನರರಿಗೂ ಆ ನಕ್ಷೆಯನ್ನು ತಡೆಯುವ ಅಧಿಕಾರವಿಲ್ಲ. ಆಟಗಾರನೇ ಅಂಕಣದ ಗೆರೆ ಎಳೆದಂತೆ.

ತಂತ್ರಗಳು ಎರಡೇ. ಎದುರು ಪಕ್ಷದ ಮತದಾರರನ್ನು ಕೆಲವೇ ಕ್ಷೇತ್ರಗಳಲ್ಲಿ ತುಂಬಿ, ಅಲ್ಲಿ ಅವರ ಮತಗಳು ಅಗತ್ಯಕ್ಕಿಂತ ಹೆಚ್ಚಾಗಿ ವ್ಯರ್ಥವಾಗುವಂತೆ ಮಾಡುವುದು ಒಂದು. ಉಳಿದವರನ್ನು ಒಡೆದು ಹಲವೆಡೆ ಹಂಚಿ, ಎಲ್ಲಿಯೂ ಗೆಲ್ಲದಂತೆ ಮಾಡುವುದು ಇನ್ನೊಂದು. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಡ್ಜ್ ಗೆರಿ ಅಂಕಿತ ಹಾಕಿದ ನಕ್ಷೆಯ ಒಂದು ಕ್ಷೇತ್ರ, ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಾಕಾರದ ಪ್ರಾಣಿಯನ್ನು ಹೋಲುತ್ತಿತ್ತು. ಅಂದಿನಿಂದ ಈ ವಿದ್ಯೆಗೆ 'ಗೆರಿಮ್ಯಾಂಡರ್' ಎಂಬ ಹೆಸರು.

ಫಲಿತಾಂಶ ನೋಡಿ. 2012ರಲ್ಲಿ ನಾರ್ತ್ ಕೆರೊಲಿನಾದ ಮತಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಡೆಮಾಕ್ರಟರಿಗೆ ಬಿದ್ದವು; ದೊರೆತ ಸ್ಥಾನಗಳು 13ರಲ್ಲಿ ನಾಲ್ಕು. ಇದೇ ರಾಜ್ಯದ ಮೊಕದ್ದಮೆಯಲ್ಲಿ, 2019ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ, ಪಕ್ಷಪಾತದ ನಕ್ಷೆಗಳನ್ನು ಅಳೆಯುವುದು ಫೆಡರಲ್ ನ್ಯಾಯಾಲಯಗಳ ಕೆಲಸವಲ್ಲವೆಂದಿತು. 2022ರಲ್ಲಿ ರಾಜ್ಯದ ನ್ಯಾಯಾಲಯ ಒಪ್ಪಿದ ನಕ್ಷೆಯಡಿ 14 ಸ್ಥಾನಗಳು 7-7 ಎಂದು ಸಮವಾಗಿ ಹಂಚಿಹೋದವು. 2023ರಲ್ಲಿ, ನ್ಯಾಯಮೂರ್ತಿಗಳು ಬದಲಾದ ಮೇಲೆ, ರಾಜ್ಯದ ಉಚ್ಚತಮ ನ್ಯಾಯಾಲಯ ತನ್ನ ಹಿಂದಿನ ತೀರ್ಪನ್ನೇ ತಿರುವಿಹಾಕಿತು. ಶಾಸನಸಭೆ ಹೊಸ ನಕ್ಷೆ ಬರೆಯಿತು. 2024ರಲ್ಲಿ ರಿಪಬ್ಲಿಕನ್ನರಿಗೆ ಹತ್ತು, ಡೆಮಾಕ್ರಟರಿಗೆ ನಾಲ್ಕು. ಅದೇ ದಿನ, ಗೆರೆಗಳೇ ಇಲ್ಲದ ರಾಜ್ಯವ್ಯಾಪಿ ಸ್ಪರ್ಧೆಯಲ್ಲಿ, ಅದೇ ಮತದಾರರು ಡೆಮಾಕ್ರಟರೊಬ್ಬರನ್ನು ಗವರ್ನರರಾಗಿ ಆರಿಸಿದರು! ಆ ವರ್ಷ ಇಡೀ ಪ್ರತಿನಿಧಿ ಸಭೆಯ ಬಲಾಬಲ 220-215. ಈ ಒಂದು ರಾಜ್ಯದಲ್ಲಿ ಕೈಬದಲಾದ ಮೂರು ಸ್ಥಾನಗಳು ಬಹುಮತವನ್ನೇ ನಿರ್ಧರಿಸುವಷ್ಟಿದ್ದವು.

ಇದು ಒಂದೇ ಪಕ್ಷದ ಪಾಪವೆನ್ನಲಾಗದು. ಇಲಿನಾಯ್‌ನಲ್ಲಿ ಡೆಮಾಕ್ರಟರೂ ಇದನ್ನೇ ಮಾಡಿದ್ದಾರೆ. 2025ರಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯಾ, ನಾರ್ತ್ ಕೆರೊಲಿನಾಗಳು ಜನಗಣತಿಗೂ ಕಾಯದೆ ನಕ್ಷೆ ತಿದ್ದಿದವು.

ನಮ್ಮಲ್ಲಿ ಈ ಕೆಲಸವನ್ನು ಶಾಸನಸಭೆಗೆ ಬಿಡದೆ, ನ್ಯಾಯಾಧೀಶರ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗಕ್ಕೆ ವಹಿಸಿಕೊಂಡು ಬಂದದ್ದು ಹಿರಿಯರ ವಿವೇಕ. ಆದರೆ ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ 1971ರ ಜನಗಣತಿಗೆ ಕಟ್ಟುಬಿದ್ದದ್ದು 1976ರಲ್ಲಿ. 2001ರ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬಿಗಿಯಿತು. ಅದು ಸಡಿಲವಾದಾಗ ಸ್ಥಾನ ಎಷ್ಟು ಎಂಬ ಜಗಳದಲ್ಲಿ, ಗೆರೆ ಎಳೆಯುವವರು ಯಾರು ಎಂಬ ಪ್ರಶ್ನೆ ಮರೆಯಾಗಬಾರದು.

ನಾಲ್ಕು ದಶಕಗಳ ಹಿಂದೆ ಊರು ಬಿಟ್ಟು ಬಂದ ನಾವು ಮತ ಹಾಕುವುದು ಇಲ್ಲಿಯೇ. 2002ರ ಕಾಯ್ದೆಯಡಿ ಆಯೋಗ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಬಹಿರಂಗ ಸಭೆ ನಡೆಸಿತ್ತು. ಅಂದು ಆ ಕರಡನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಓದಿರಲಿಲ್ಲ. ಮುಂದಿನ ಸಲವಾದರೂ ಈ ಸಂಘದ ಮೇಜಿನ ಮೇಲೆ ಅದರ ಒಂದು ಪ್ರತಿ ಇರಲಿ ಎಂಬುದು ನನ್ನ ಬಿನ್ನಹ.